ನಕ್ಷೆಯಲ್ಲಿ ನಿಮ್ಮ ತವರು

ಅಕ್ಕ, ಹೂ ಆಮೇಲೆ ಕೊಯ್ಯಿರಿ, ಒಂದು ನಿಮಿಷ ಬೇಲಿ ಹತ್ತಿರ ಬನ್ನಿ. ಬಾರ್ಸೆಲೋರ್ ಅಂದರೆ ಯಾವ ಊರು, ಹೇಳಿ ನೋಡುವ? ಸ್ಪೇನಿನ ಬಾರ್ಸಿಲೋನಾ ಅಲ್ಲ ಮಾರಾಯ್ರೆ, ನಿಮ್ಮ ತವರು ಬಸ್ರೂರು! ಓನೋರ್ ಅಂದರೆ ಹೊನ್ನಾವರ, ಬಟಿಕಾಲ ಅಂದರೆ ಭಟ್ಕಳ. ನಾನೂರು ವರ್ಷ ಹಿಂದೆ ಯುರೋಪಿನವರು ಬರೆದ ನಕ್ಷೆಗಳಲ್ಲಿ ನಮ್ಮ ಕರಾವಳಿಯ ಊರುಗಳಿಗೆ ಇವೇ ಹೆಸರು.

ಅಷ್ಟು ದೂರದವರಿಗೆ ಬಸ್ರೂರು ಯಾಕೆ ಬೇಕಿತ್ತು ಅಂದಿರಾ? ಅಲ್ಲಿಂದ ಅಕ್ಕಿ, ಮೆಣಸು ಹಡಗು ಹತ್ತುತ್ತಿತ್ತಲ್ಲ! ಲಿನ್‌ಸ್ಕೋಟನ್ ಅಂತ ಒಬ್ಬ ಡಚ್ ತರುಣ 1583ರಲ್ಲಿ ಗೋವಾಕ್ಕೆ ಬಂದು ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ. ಪೋರ್ಚುಗೀಸರು ಬಚ್ಚಿಟ್ಟ ಹಡಗುದಾರಿಗಳನ್ನೆಲ್ಲ ಬರೆದುಕೊಂಡು ಹೋಗಿ, 1596ರಲ್ಲಿ ನಕ್ಷೆಗಳ ಸಮೇತ ಪುಸ್ತಕ ಅಚ್ಚು ಹಾಕಿಸಿದ. ಗುಟ್ಟು ರಟ್ಟಾಯಿತು. 1602ಕ್ಕೆ ಡಚ್ಚರ ವ್ಯಾಪಾರ ಕಂಪನಿಯೇ ಎದ್ದು ನಿಂತಿತು.

ಆಮೇಲೆ ಗುಟ್ಟು ಕಾಯುವ ಸರದಿ ಡಚ್ಚರದು. ಹಡಗು ನಡೆಸುವವರಿಗೆ ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ನಕ್ಷೆ ಕೊಡುವುದು, ಪ್ರಯಾಣ ಮುಗಿದ ಮೇಲೆ ವಾಪಸು ತೆಗೆದುಕೊಳ್ಳುವುದು. 1633ರಲ್ಲಿ ಆ ಹೊಣೆ ನಕ್ಷೆಗಾರ ವಿಲ್ಲೆಮ್ ಬ್ಲಾವ್‌ಗೆ ಬಂತು. ಅದೇ ಬ್ಲಾವ್ ಮನೆತನದವರು ಸಾಹುಕಾರರಿಗಾಗಿ ಬಣ್ಣ ಬಳಿದ ಅಟ್ಲಾಸುಗಳನ್ನೂ ಮಾಡುತ್ತಿದ್ದರು. ಈಗ ಜನ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದು ಆ ಅಟ್ಲಾಸಿನ ಹಾಳೆಗಳನ್ನು.

ಆ ಕಾಲದ ನಕ್ಷೆಗಳಲ್ಲಿ ಒಂದು ಗಮನಿಸಿ ಅಕ್ಕ. ದಡದುದ್ದಕ್ಕೂ ಊರಿನ ಹೆಸರು ಒತ್ತೊತ್ತಾಗಿ ಇರುತ್ತದೆ. ಒಳಕ್ಕೆ ಹೋದರೆ ಬರಿಯ ಊಹೆ. ಬರ್ಮಾದ ಉತ್ತರಕ್ಕೆ ಚಿಯಾಮಯ್ ಅಂತ ಒಂದು ದೊಡ್ಡ ಸರೋವರ, ಅದರಿಂದ ನಾಲ್ಕಾರು ನದಿ ಹೊರಟಿವೆ. ಅಂಥ ಸರೋವರವೇ ಇಲ್ಲ! ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದು ಬರೆದು ನೂರಾರು ವರ್ಷ ಅದು ಹಾಗೇ ಉಳಿಯಿತು. ದಡದ ಮಾತು ಬೇರೆ. ಅಲ್ಲಿ ಹಡಗು ನಿಲ್ಲಿಸಿ, ಊರಿನವರನ್ನೇ ಕೇಳಬಹುದಿತ್ತು.

ನನಗೆ ಮನಸ್ಸು ತುಂಬಿ ಬರುವುದು ಅಲ್ಲೇ. ನಮ್ಮ ಹೊಳೆಬಾಯಲ್ಲಿ ಯಾರೋ ದೋಣಿಯವನು 'ಇದು ಬಸರೂರು' ಅಂದಿರಬೇಕು. ಕೇಳಿದವರ ಕಿವಿಗೆ ಅದು ಬಾರ್ಸೆಲೋರ್ ಆಗಿ ಬಿತ್ತು. ನಕ್ಷೆ ಮಾಡಿದವರ ಹೆಸರು ಹಾಳೆಯಲ್ಲಿ ಚಂದವಾಗಿ ಕೆತ್ತಿದೆ, ಊರು ತೋರಿಸಿಕೊಟ್ಟವನದ್ದು ಎಲ್ಲೂ ಇಲ್ಲ. ಆದರೂ ಅವನ ಬಾಯಿಂದ ಬಂದ ಮಾತು ಅಲ್ಲಿದೆ.

ಸಂಜೆ ದೀಪ ಹಚ್ಚಿದ ಮೇಲೆ ಬನ್ನಿ ಅಕ್ಕ, ನಕ್ಷೆಯ ಪ್ರತಿ ತರಿಸಿದ್ದೇನೆ. ಕನ್ನಡಕ ಮರೆಯಬೇಡಿ, ಅಕ್ಷರ ಸಣ್ಣದು.