ಓದಬಾರದ ಪುಸ್ತಕಗಳು

ನಮ್ಮ ಮನೆಯ ಬೀರುವಿನಲ್ಲಿ ಹೆಂಡತಿಯ ಇಳಕಲ್ ಸೀರೆಗಳೂ ಫ್ಯಾಂಟಮ್, ಮ್ಯಾಂಡ್ರೇಕರೂ ಒಂದೇ ಖಾನೆಯಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ನುಸಿಗುಳಿಗೆ ಎಲ್ಲರಿಗೂ ಸೇರಿ. ಆ ಖಾನೆಯಲ್ಲಿ ಜಾಗ ಬಿಡಿಸಿಕೊಳ್ಳಲು ನಾನು ಮುಂದಿಟ್ಟ ವಾದ ಬಲು ಶಾಸ್ತ್ರೀಯವಾಗಿತ್ತು: ಹಳೇ ಕಾಗದಕ್ಕೆ ತೇವ ಆಗಿಬರುವುದಿಲ್ಲ, ಸೀರೆಯಾದರೆ ಒಗೆಯಬಹುದು, ಇಂದ್ರಜಾಲ ಕಾಮಿಕ್ಸನ್ನು ಒಗೆಯಲು ಬರುತ್ತದೆಯೇ?

"ಹಂಗಾದ್ರ ಮುಂದಿನ ಮದುವಿಗೆ ನಾ ಇಂದ್ರಜಾಲನಾ ಉಟ್ಕೊಂಡು ಬರ್ತೀನಿ," ಎಂದಳು.

ಹೈದರಾಬಾದಿನಲ್ಲಿ ಈ ರೋಗ ಅಂಟಲು ಭಾನುವಾರ ಆಬಿಡ್ಸ್ ಕಡೆ ಹೋದರೆ ಸಾಕು. ಅಂದು ಅಂಗಡಿಗಳ ಶಟರು ಇಳಿದಿರುತ್ತವೆ. ಅವುಗಳ ಮುಂದೆ ಫುಟ್‌ಪಾತಿನ ಉದ್ದಕ್ಕೂ ಹಳೇ ಪುಸ್ತಕ ಹರವಿಕೊಂಡು ಕೂತಿರುತ್ತಾರೆ. ಎಂಸೆಟ್ ಗೈಡುಗಳ ಅಡಿಯಿಂದ ಒಂದು ಟಿಂಕಲ್ ಇಣುಕುತ್ತಿರುತ್ತದೆ. ಚೌಕಾಶಿಗೆ ನಿಂತವನ ಮುಖದಲ್ಲಿ ಆಸೆ ಕಾಣಬಾರದಂತೆ. ನಾನೋ, ಇಂದ್ರಜಾಲದ ಒಂದು ಮೂಲೆ ಕಂಡರೂ ನಡುಬೀದಿಯಲ್ಲೇ ಮೊಣಕಾಲೂರುವ ಆಸಾಮಿ. ಅಂಗಡಿಯವನು ಹೇಳಿದ ಬೆಲೆಗೆ ಬೆಚ್ಚಿ, ಅದರ ಮೇಲೆ ಅಚ್ಚಾದ 60 ಪೈಸೆಯನ್ನು ಬೆರಳಿಟ್ಟು ತೋರಿಸಿದೆ. "ತೋ ಉಸ್ ಜಮಾನೇ ಮೇ ಆನಾ ಥಾ ನಾ ಸಾಬ್," ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ದುಡ್ಡಿತ್ತು. ಕೊಟ್ಟು ಬಂದೆ.

ಇನ್ನು ವಿಮರ್ಶೆ. ಮನೆಗೆ ಬಂದ ಪ್ರತಿ ಕಾಮಿಕ್ಸಿನ ಬಗ್ಗೆ ಉದ್ದನೆಯ ಲೆಡ್ಜರಿನಲ್ಲಿ ಬರೆದಿಡುತ್ತೇನೆ. 'ಪಿನ್ನು ತುಕ್ಕು. ನಡುಹಾಳೆ ಸಡಿಲ. ಡಯಾನಾಳಿಗೆ ಯಾವನೋ ಬಾಲಕ ಬಾಲ್‌ಪೆನ್ನಿನಲ್ಲಿ ಮೀಸೆ ಬಿಡಿಸಿದ್ದಾನೆ, ರೇಖೆಯಲ್ಲಿ ಹಿಡಿತವಿದೆ.' ಕಥೆ ಹೇಗಿದೆ ಎಂಬುದು ಮಾತ್ರ ಎಲ್ಲೂ ಇಲ್ಲ. ಅದನ್ನು ಬರೆಯಲು ಓದಬೇಕು, ಓದಲು ಪುಟ ಬಿಡಿಸಬೇಕು, ಬಿಡಿಸಿದರೆ ಪಿನ್ನಿನ ಹತ್ತಿರ ಹರಿಯುತ್ತದೆ. ಓದದೆ ವಿಮರ್ಶೆ ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. ಪುಸ್ತಕದ ಮೇಲಿನ ಪ್ರೀತಿಗಾಗಿ ಹಾಗೆ ಮಾಡಿದವನು ನಾನೊಬ್ಬನೇ ಇರಬೇಕು.

ಒಮ್ಮೆ ಮಗಳು ಬಂದು, "ಅಪ್ಪಾ, ಫ್ಯಾಂಟಮ್ ಕಡೀಕ್ ಏನ್ ಮಾಡ್ತಾನ?" ಎಂದಳು. ನಾನು ಕನ್ನಡಕ ಸರಿಮಾಡಿಕೊಂಡು, ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಇಂದ್ರಜಾಲ ಶುರು ಮಾಡಿದ್ದು, ಫ್ಯಾಂಟಮ್ ಇರುವ ಬೆಂಗಾಲಿ ಎಂಬ ನಾಡು ಓದುಗರಿಗೆ ಬಂಗಾಳದಂತೆ ಕೇಳೀತೆಂದು ಅದನ್ನು ಡೆಂಕಾಲಿ ಮಾಡಿದ್ದು, 1990ರಲ್ಲಿ ಎಲ್ಲಾ ನಿಂತೇಹೋದದ್ದು, ಇಷ್ಟನ್ನೂ ವಿವರಿಸಿದೆ. ತಲೆಯೆತ್ತಿದಾಗ ಮಗಳಿರಲಿಲ್ಲ. ಒಳಗೆ ಕಾರ್ಟೂನಿನ ಸದ್ದು ಬರುತ್ತಿತ್ತು.

ಆದರೆ ನನ್ನ ನಿದ್ದೆ ಕೆಡಿಸಿರುವುದು ಫ್ಯಾಂಟಮ್ ಅಲ್ಲ, ಅಮರ ಚಿತ್ರಕಥೆ. ಅದರ ಇಂಗ್ಲಿಷ್ ಮಾಲೆಯಲ್ಲಿ 'ಕೃಷ್ಣ'ನಿಗೆ ಹನ್ನೊಂದನೇ ನಂಬರು. ಅದಕ್ಕಿಂತ ಹಿಂದಿನ ಹತ್ತು? ಅವು ಕನ್ನಡದವು ಸ್ವಾಮೀ! ಕಾರ್ಕಳದ ಅನಂತ ಪೈಗಳು ರಾಮ ಕೃಷ್ಣರನ್ನು ಚಿತ್ರಕ್ಕಿಳಿಸುವ ಮೊದಲೇ, 1965ರಲ್ಲಿ, ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಸಿಂಡ್ರೆಲ್ಲಾ, ಪಿನೋಕಿಯೋ ಮುಂತಾದ ಹತ್ತು ವಿಲಾಯತಿ ಕಥೆಗಳು ಅಮರ ಚಿತ್ರಕಥೆಯ ಹೆಸರಿನಲ್ಲಿ ಕನ್ನಡಕ್ಕೆ ಬಂದವು. ದೇಶಕ್ಕೆಲ್ಲ ಪುರಾಣ ಹಂಚಿದ ಮಾಲೆಗೆ ಓನಾಮ ಹಾಕಿದ್ದು ಕನ್ನಡ ಮಾತಾಡುವ ಸಿಂಡ್ರೆಲ್ಲಾ! ಇದು ತಿಳಿದಂದಿನಿಂದ ನನಗೆ ಆ ಹತ್ತೂ ಬೇಕು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಸಿಕ್ಕವರನ್ನೆಲ್ಲ ನಿಲ್ಲಿಸಿ, "ನಿಮ್ಮಲ್ಲಿ ಸಿಂಡ್ರೆಲ್ಲಾ ಇದ್ದಾಳೆಯೇ?" ಎಂದು ವಿಚಾರಿಸುತ್ತೇನೆ. ಹಿರಿಯರೊಬ್ಬರು ಬಹಳ ಹೊತ್ತು ಯೋಚಿಸಿ, "ಯಾರ ಪೈಕಿ ಹುಡುಗಿ?" ಎಂದರು.

ಹತ್ತು ಸಿಗುವವರೆಗೆ ಹನ್ನೊಂದನ್ನಾದರೂ ಜೋಪಾನ ಮಾಡೋಣವೆಂದು ಹಳೇ ಅಚ್ಚಿನ 'ಕೃಷ್ಣ'ನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಟೇಪು ಹಚ್ಚಿ ಇಟ್ಟಿದ್ದೆ. ಅಷ್ಟರಲ್ಲಿ ಕಲಬುರಗಿಯಿಂದ ಅತ್ತೆ ಬಂದರು.

ಒಂದು ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ: ಅತ್ತೆಯ ಒಂದು ಕೈಯಲ್ಲಿ ಸೂಸಲದ ತಟ್ಟೆ, ಇನ್ನೊಂದರಲ್ಲಿ ಕೃಷ್ಣ; ಸುತ್ತ ನನ್ನ ಮಗಳೂ ಅಪಾರ್ಟ್‌ಮೆಂಟಿನ ಅರ್ಧ ಮಕ್ಕಳೂ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. "ಗೊತ್ತಿರೋ ಕಥಿಗಿ ಇಂಗ್ಲಿಷ್ ಯಾಕ ಬೇಕು?" ಎಂದು ಚಿತ್ರದ ಮೇಲೆ ಬೆರಳಾಡಿಸುತ್ತ ಕಲಬುರಗಿ ಕನ್ನಡದಲ್ಲಿ ಹೇಳುತ್ತಿದ್ದರು. ಕಾಳಿಂಗನ ಹೆಡೆಗೆ ಒಗ್ಗರಣೆಯ ಎಣ್ಣೆ ತಾಗಿತ್ತು. ತೆಲುಗು ಮನೆಯ ಮಕ್ಕಳೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು.

ನನ್ನನ್ನು ಕಂಡು, "ಅಳಿಯಂದ್ರ, ಪುಸ್ತಕ ಛಲೋ ಅದ. ಆದ್ರ ಯಶೋದಾ ಭಾಳ ಸಣ್ಣಾಕಿ ಆಗ್ಯಾಳ. ಇಷ್ಟು ಬೆಣ್ಣಿ ಇರೋ ಮನ್ಯಾಗ ಹಿಂಗ ಸೊರಗ್ತಾರೇನು?" ಎಂದರು. ಮಗಳು ಅದನ್ನು ಲೆಡ್ಜರಿನಲ್ಲಿ ಬರೆದಿಟ್ಟಳು. ಒಳಪುಟಗಳ ಬಗ್ಗೆ ಅದರಲ್ಲಿರುವ ಮಾತು ಅದೊಂದೇ.

ಅತ್ತೆ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೊರಟಾಗ ದಾರಿಯಲ್ಲಿ ನೋಡಲಿಕ್ಕೆಂದು ಕೃಷ್ಣನೂ ಅವರ ಚೀಲ ಸೇರಿದ್ದ. ನನಗೆ ತಿಳಿದದ್ದು ರಾತ್ರಿ ಫೋನು ಬಂದ ಮೇಲೆ.

"ತಾಂಡೂರಿನಾಗ ಒಂದು ಕೂಸು ಭಾಳ ಅಳಕತ್ತಿತ್ರಿ ಅಳಿಯಂದ್ರ. ಕೈಯಾಗ ಕೊಟ್ಟೆ, ಗಪ್ಪಾತು. ಇಳಿಯೋವಾಗ ಹೆಂಗ ಕಸ್ಗೋಳ್ಳಿ?"

ನಾನು ಫೋನಿಟ್ಟು ಸುಮ್ಮನೆ ಕೂತೆ. ಹೆಂಡತಿ ಬೀರು ತೆಗೆದು, ಖಾಲಿಯಾದ ಜಾಗಕ್ಕೆ ಸೀರೆಯೊಂದನ್ನು ಸರಿಸಿಟ್ಟಳು.

"ಹನ್ನೊಂದೂ ಹೋತಲ್ರಿ? ಹೋಗ್ಲಿ ಬಿಡ್ರಿ. ಇಂಗ್ಲಿಷ್‌ನಾಗ ಹನ್ನೊಂದರಿಂದ ಶುರು, ನಮ್ಮ ಮನ್ಯಾಗ ಹನ್ನೆರಡರಿಂದ ಅಂತ ಬರಕೋರಿ."