ಫಾರಂ ಒಂದು, ನಾನು ಮೂವರು

ಸ್ಕೂಟರ್ ಕಲಿಯುವುದು ಸುಲಭ. ಕಲಿಯಲು ಹೊರಟಿರುವವಳು ನಾನೇ ಎಂದು ಸಾಬೀತು ಮಾಡುವುದೇ ಕಷ್ಟ. ನಲವತ್ತು ದಾಟಿದ ಮೇಲೆ ನನಗೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸುವ ಉಮೇದು ಬಂದಾಗ ಮನೆಯವರೆಲ್ಲ ಬ್ರೇಕಿನ ಬಗ್ಗೆ, ಬೀದಿನಾಯಿಗಳ ಬಗ್ಗೆ ಎಚ್ಚರಿಸಿದರು. ಬೀರುವಿನ ಮೇಲಿನ ತಗಡಿನ ಪೆಟ್ಟಿಗೆಯ ಬಗ್ಗೆ ಮಾತ್ರ ಯಾರೂ ಎಚ್ಚರಿಸಲಿಲ್ಲ.

ಆ ಪೆಟ್ಟಿಗೆಯಲ್ಲಿ ನಾನು ಮೂವರಿದ್ದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವಳಿಗೆ ಎರಡು ಇನಿಷಿಯಲ್ಲು: ಊರಿನದೊಂದು, ಅಪ್ಪನದೊಂದು. ಆಧಾರ್‌ನವಳಿಗೆ ಊರೂ ಇಲ್ಲ, ಅಪ್ಪನೂ ಇಲ್ಲ. ಹೆಸರಿನ ಬೆನ್ನಿಗೆ ಗಂಡ ಅಂಟಿಕೊಂಡಿದ್ದಾರೆ. ಮತದಾರರ ಗುರುತಿನ ಚೀಟಿಯವಳಿಗೆ ಯಾವ ಪುಣ್ಯಾತ್ಮರೋ ಕೊನೆಯಲ್ಲೊಂದು ದೀರ್ಘ ಎಳೆದು, ಫೋಟೋದಲ್ಲಿ ಹತ್ತು ವರ್ಷ ಹೆಚ್ಚಿಸಿದ್ದಾರೆ.

ಹುಟ್ಟಿದ ತಾರೀಕಿನಲ್ಲಿ ಮಾತ್ರ ಮೂವರಿಗೂ ಒಮ್ಮತ: ಜೂನ್ 1. ಅದು ನಮ್ಮ ಹೆಡ್‌ಮಾಸ್ಟರು ಶಾಲೆಗೆ ಸೇರಿಸಿಕೊಳ್ಳುವಾಗ ದಯಪಾಲಿಸಿದ್ದು. 'ನೀನು ಗೌರಿ ಹಬ್ಬದ ಹಿಂದಿನ ದಿನ ಹುಟ್ಟಿದವಳು' ಎಂದು ಅಮ್ಮ ಇವತ್ತಿಗೂ ವಾದಿಸುತ್ತಾಳೆ. ಹೆತ್ತವಳ ಮಾತಿಗೆ ಸೀಲಿಲ್ಲ, ಹೆಡ್‌ಮಾಸ್ಟರ ಮಾತಿಗಿದೆ. ನಮ್ಮ ಮನೆಯ ಮಕ್ಕಳೆಲ್ಲರೂ ಸರ್ಕಾರದ ಲೆಕ್ಕದಲ್ಲಿ ಶಾಲೆ ತೆರೆಯುವ ದಿನ ನೋಡಿಕೊಂಡೇ ಹುಟ್ಟಿದವರು.

ಎಲ್‌ಎಲ್ ಅನ್ನು ಆಧಾರ್ ಬಲದಿಂದ ಆನ್‌ಲೈನಿನಲ್ಲೇ ಪಡೆಯಲು ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲೇ ದಾರಿ ಮಾಡಿಕೊಟ್ಟಿದೆ. ಒಟಿಪಿ ಬಂದರಾಯಿತು. ಬಂತು ಕೂಡ, ಆಧಾರ್ ಮಾಡಿಸಿದ ಕಾಲದಲ್ಲಿ ಕೊಟ್ಟಿದ್ದ ನಂಬರಿಗೆ. ಆ ಸಿಮ್ಮು ಈಗ ಊರಿನ ಅಡಿಕೆ ತೋಟದಲ್ಲಿ, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರಿನ ಹೊಟ್ಟೆಯೊಳಗಿದೆ. 'ಯಾರಿಗೂ ಹೇಳಬೇಡಿ' ಎಂಬ ಸೂಚನೆಯನ್ನು ಆ ಪಂಪು ಪಾಲಿಸಿದಷ್ಟು ನಿಷ್ಠೆಯಿಂದ ಇನ್ನಾರೂ ಪಾಲಿಸಿರಲಾರರು. ಭಾವ ತೋಟಕ್ಕೆ ಹೋಗಿ ಸಿಮ್ಮು ತೆಗೆದು, ಒಟಿಪಿ ಓದಿ ಹೇಳುವವರೆಗೆ ಅಡಿಕೆಗೆ ನೀರಿಲ್ಲ, ನನಗೆ ಗುರುತಿಲ್ಲ.

ನಲವತ್ತಾದವರು ಫಾರಂ 1ಎಯಲ್ಲಿ ವೈದ್ಯರ ಸರ್ಟಿಫಿಕೇಟನ್ನೂ ಕೊಡಬೇಕು. ನಮ್ಮ ಬೀದಿಯ ಡಾಕ್ಟರು ನನ್ನ ನಾಡಿ ಬಲ್ಲವರು, ಆದರೆ ನಿಯಮ ನಿಯಮವೇ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟು ಕಾಣಬೇಕು. ಅವರು ಕಿಟಕಿಯಾಚೆ ನಿಂತಿದ್ದ ಆಟೋ ತೋರಿಸಿ 'ಓದಿ' ಎಂದರು. ಕೆಎ 14ರಿಂದ ಹಿಡಿದು ಕೊನೆಯ ಅಂಕಿಯವರೆಗೂ ಓದಿದೆ. ಅವರು ಕನ್ನಡಕ ಒರೆಸಿ, ಕಣ್ಣು ಕಿರಿದು ಮಾಡಿ ನೋಡಿ, ಕಡೆಗೆ ಎದ್ದು ಆಟೋದ ಹತ್ತಿರ ಹೋಗಿ 'ಸರಿಯಾಗಿದೆ' ಎಂದು ಕೂಗಿದರು. ಸೀಲನ್ನು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಒತ್ತಿದ್ದರಿಂದ ನನ್ನ ಮೂಗಿನ ಮೇಲೆ ಅವರ ಎಂಬಿಬಿಎಸ್ ಕೂತಿದೆ.

ಶುಲ್ಕ ಹೆಚ್ಚೇನಿಲ್ಲ. ಒಂದು ವರ್ಗದ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ 50. ಜೆರಾಕ್ಸ್ ಅಂಗಡಿಯವನು ಅದಕ್ಕಿಂತ ಹೆಚ್ಚು ದುಡಿದುಕೊಂಡ.

ಉಳಿದದ್ದು ಫಾರಂ 1. ನನ್ನ ಆರೋಗ್ಯದ ಬಗ್ಗೆ ನಾನೇ ಕೊಡಬೇಕಾದ ಘೋಷಣೆ. ಸೈಬರ್ ಸೆಂಟರಿನ ಹುಡುಗ ನನ್ನ ಕಡೆ ತಿರುಗಿಯೂ ನೋಡದೆ ಎಲ್ಲದಕ್ಕೂ 'ಇಲ್ಲ' ಎಂದು ಒತ್ತುತ್ತಾ ಹೊರಟ. ಮೂರ್ಛೆ ಬರುತ್ತದೆಯೇ? ಇಲ್ಲ. ಸರಿ. ನಂಬರ್ ಪ್ಲೇಟು ಕಾಣುತ್ತದೆಯೇ? ಇಲ್ಲ. ಕೆಂಪು, ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುತ್ತದೆಯೇ? ಇಲ್ಲ. ಸೀರೆ ಅಂಗಡಿಯಲ್ಲಿ ಕುಂಕುಮದ ಕೆಂಪು ಬೇರೆ, ದಾಳಿಂಬೆಯ ಕೆಂಪು ಬೇರೆ ಎಂದು ಅರ್ಧ ದಿನ ವಾದ ಮಾಡುವವಳನ್ನು ಈ ಹುಡುಗ ಮೂರು ಕ್ಲಿಕ್ಕಿನಲ್ಲಿ ಕುರುಡಿ ಮಾಡಿದ್ದ. ನಾನು ಕೂಗಿಕೊಂಡಾಗ 'ಹಾಗಾದ್ರೆ ಎಲ್ಲಾ ಹೌದು ಹಾಕ್ಲಾ ಆಂಟಿ?' ಎಂದ. ಹಾಕಿದ್ದರೆ ಇರುಳುಗುರುಡೂ ಕಿವುಡೂ ನನ್ನ ಪಾಲಿಗೆ ಬರುತ್ತಿದ್ದವು.

ಅವನನ್ನು ಎಬ್ಬಿಸಿ, ನಾನೇ ಕುರ್ಚಿಯಲ್ಲಿ ಕೂತು ಒಂದೊಂದಾಗಿ ಓದಿದೆ. ಮೊದಲ ಬಾರಿಗೆ ಒಂದು ಸರ್ಕಾರಿ ಕಾಗದ ನನ್ನ ಅಪ್ಪ, ಗಂಡ, ಊರು ಎಲ್ಲವನ್ನೂ ಬಿಟ್ಟು ನನ್ನ ಕಣ್ಣು, ಕಿವಿ, ಕೈಕಾಲು ವಿಚಾರಿಸುತ್ತಿತ್ತು. ದಾರಿಯಲ್ಲಿ ಎದುರಿಗೆ ಬರುವವರಿಗೆ ನನ್ನ ಇನಿಷಿಯಲ್ಲು ಕಟ್ಟಿಕೊಂಡು ಏನಾಗಬೇಕು? ಅವರಿಗೆ ಬೇಕಾದದ್ದು ಈ ಉತ್ತರಗಳೇ.

ಪರೀಕ್ಷೆ ಪಾಸಾಗಿದೆ. ಎಲ್‌ಎಲ್‌ಗೆ ಆರು ತಿಂಗಳ ಆಯಸ್ಸು. 30 ದಿನ ಕಳೆದ ಮೇಲೆ ಡಿಎಲ್‌ಗೆ ಅರ್ಜಿ ಹಾಕಬಹುದು. ನೀವೂ ಹೊರಟಿದ್ದರೆ ಎರಡೇ ಮಾತು. ಮೊದಲು ಆಧಾರ್‌ನಲ್ಲಿರುವ ನಂಬರು ಯಾರ ತೋಟದಲ್ಲಿದೆ ಎಂದು ವಿಚಾರಿಸಿಕೊಳ್ಳಿ. ಅರ್ಜಿಯ ಉಳಿದ ಭಾಗವನ್ನು ಬೇಕಾದರೆ ಸೈಬರ್ ಹುಡುಗನೇ ತುಂಬಲಿ; ಫಾರಂ 1ಕ್ಕೆ ಮಾತ್ರ ನೀವೇ ಉತ್ತರ ಕೊಡಿ.