ಸಂಧಿಪ್ರಕರಣ: ಮನೆಯಲ್ಲಿ ಕಟ್ಟಿದ ಕಾರಿನ ಮುಂಗಾಲುಗಳ ವ್ಯಾಕರಣ

ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣಕ್ಕೆ 'ಶಬ್ದಮಣಿದರ್ಪಣ' ಎಂದು ಹೆಸರಿಟ್ಟ. ಆದರೆ ಎಡಗಡೆಯ ಮುಂಚಕ್ರದಿಂದ ಹೊರಡುವ 'ಟಕ್ ಟಕ್' ಶಬ್ದದ ಬಗ್ಗೆ ಅದರಲ್ಲಿ ಒಂದು ಸೂತ್ರವೂ ಇಲ್ಲ. ವಿದ್ವಾಂಸರು ಈ ಕೊರತೆಯನ್ನು ಇಷ್ಟು ಕಾಲ ಗಮನಿಸದೆ ಬಿಟ್ಟದ್ದು ಸೋಜಿಗ. ಹಾಗೆಂದು ಗ್ರಂಥವನ್ನು ಬದಿಗಿಡುವಂತೆಯೂ ಇಲ್ಲ. ಅದರ ಮೊದಲ ಪ್ರಕರಣವೇ ಸಂಧಿ. ಕಾರಿನ ಮುಂಭಾಗದಲ್ಲಿ ಇರುವುದೂ ಸಂಧಿಗಳೇ. ಒಂದೊಂದು ಚಕ್ರಕ್ಕೆ ಮೇಲೊಂದು ತೋಳು, ಕೆಳಗೊಂದು ತೋಳು, ತುದಿಗೊಂದು ಬಾಲ್ ಜಾಯಿಂಟ್, ಬುಡಕ್ಕೆರಡು ಬುಷ್, ಪಕ್ಕದಲ್ಲಿ ಸ್ಟಿಯರಿಂಗಿನ ಟೈರಾಡ್ ಎಂಡ್. ಪೂರ್ವಪದ, ಉತ್ತರಪದ, ನಡುವೆ ಗ್ರೀಸು.

ಅಧ್ಯಯನದ ವಸ್ತು ಇಂಗ್ಲೆಂಡಿನದು. 1957ರಲ್ಲಿ ಕಾಲಿನ್ ಚಾಪ್‌ಮನ್‌ನ ಲೋಟಸ್ ಕಂಪನಿ 'ಸೆವೆನ್' ಎಂಬ ಬರಿಮೈ ಕಾರನ್ನು ಬಿಡಿಭಾಗಗಳಾಗಿ ಮಾರತೊಡಗಿತು. ಜೋಡಿಸಿದ ಕಾರಿಗೆ ಖರೀದಿ ತೆರಿಗೆಯಿತ್ತು, ಬಿಡಿಭಾಗಗಳಿಗೆ ಇರಲಿಲ್ಲ. ಜೋಡಿಸುವ ವಿಧಾನವನ್ನು ಬರೆದುಕೊಟ್ಟರೆ ಮಾತ್ರ ತೆರಿಗೆಯವರು ಆಕ್ಷೇಪಿಸುತ್ತಿದ್ದರಂತೆ. ಅದಕ್ಕೆ ಕಂಪನಿ ಬಿಚ್ಚುವ ವಿಧಾನವನ್ನು ಬರೆದುಕೊಟ್ಟಿತು, ಕೊಂಡವರು ಅದನ್ನು ಹಿಂದಿನಿಂದ ಮುಂದಕ್ಕೆ ಓದಿ ಕಾರು ಕಟ್ಟಿದರು ಎಂಬುದು ಪ್ರತೀತಿ. ಚಿತ್ರಕಾವ್ಯದಲ್ಲಿ ಎರಡೂ ಕಡೆಯಿಂದ ಓದಬಹುದಾದ ಪದ್ಯಕ್ಕೆ ಗತಪ್ರತ್ಯಾಗತ ಎನ್ನುತ್ತಾರೆ. ಪಾನಾ ಹಿಡಿದು ಓದುವ ಗತಪ್ರತ್ಯಾಗತಕ್ಕೆ ಇದೊಂದೇ ನಿದರ್ಶನವಿರಬೇಕು. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು. ಅದೇ ವರ್ಷ ಸೆವೆನ್‌ನ ಹಕ್ಕುಗಳು ಕೇಟರ್‌ಹ್ಯಾಮ್ ಕಂಪನಿಯ ಪಾಲಾದವು.

ಒಂದು ಪಾರ್ಶ್ವಟಿಪ್ಪಣಿ. 'ದ ಪ್ರಿಸನರ್' ಎಂಬ 1967ರ ಟಿವಿ ಧಾರಾವಾಹಿಯ ನಾಯಕ ಓಡಿಸುವ ಸೆವೆನ್‌ನ ನಂಬರ್ 'ಕೆಎಆರ್ 120ಸಿ'. ಇದನ್ನು ನೋಡಿ ಕರ್ನಾಟಕದ ನೋಂದಣಿಯೆಂದು ಲೇಖನ ಬರೆಯಲು ಹೊರಡುವವರನ್ನು ಇಲ್ಲಿಯೇ ತಡೆಯುವುದು ಒಳ್ಳೆಯದು. 'ಎಆರ್' ಲೋಟಸ್ ಕಾರ್ಖಾನೆಯಿದ್ದ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯ ಗುರುತು.

1996ರಲ್ಲಿ ರಾನ್ ಚಾಂಪಿಯನ್ ಎಂಬ ಮೇಷ್ಟ್ರು, ಕೇವಲ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಿ ಎಂಬ ಪುಸ್ತಕ ಬರೆದ ಮೇಲೆ ಈ ವಿದ್ಯೆ ಓಣಿಗೊಂದು ಗ್ಯಾರೇಜಿಗೆ ಹಬ್ಬಿತು. ಚೌಕ ಪೈಪುಗಳನ್ನು ಕೊಯ್ದು ಬೆಸುಗೆ ಹಾಕಿ ಚೌಕಟ್ಟು ಮಾಡುವುದು, ಹಳೆಯ ಫೋರ್ಡ್ ಎಸ್ಕಾರ್ಟಿನಿಂದ ಎಂಜಿನ್ ಕೀಳುವುದು, ಮುಂಚಕ್ರ ಹಿಡಿಯುವ ಅಪ್‌ರೈಟ್ ಎಂಬ ಕಬ್ಬಿಣದ ಗಂಟನ್ನು ಕೊರ್ಟಿನಾದಿಂದ ತರುವುದು. ಬೇರೆ ಬೇರೆ ಮೂಲದ ಪದಗಳನ್ನು ಹೀಗೆ ಕೂಡಿಸುವುದಕ್ಕೆ ನಮ್ಮ ವೈಯಾಕರಣರು ಅರಿಸಮಾಸವೆಂದು ಹೆಸರಿಟ್ಟು, ಕೂಡದು ಎಂದಿದ್ದರು. ಇಲ್ಲಿ ಕಾರು ಕಟ್ಟುವವನು ಕರ್ತೃ. ಕಾರು ಕರ್ಮ, ಆ ಪದದ ಎರಡೂ ಅರ್ಥದಲ್ಲಿ. ಕ್ರಿಯಾಪದ ಎಷ್ಟೋ ಗ್ಯಾರೇಜುಗಳಲ್ಲಿ ವರ್ಷಗಟ್ಟಲೆ ಬರುವುದೇ ಇಲ್ಲ.

ಬಂದ ಮೇಲೆ ಶಬ್ದವೂ ಬರುತ್ತದೆ. ಟಕ್, ಕಿರ್, ಗಡಗಡ, ಧಡ್: ಅನುಕರಣಾವ್ಯಯಗಳಲ್ಲಿ ಕನ್ನಡ ಶ್ರೀಮಂತ ಭಾಷೆಯಾದ್ದರಿಂದ ಈ ಶಾಸ್ತ್ರ ಕನ್ನಡದಲ್ಲೇ ಹುಟ್ಟಬೇಕಿತ್ತು. ಆದರೆ ಶಬ್ದವನ್ನು ನಂಬಿ ಹೊರಟವರು ಕೆಟ್ಟಿದ್ದಾರೆ. ಪೈಪಿನ ಚೌಕಟ್ಟು ತಂಬೂರಿಯ ಬುರುಡೆಯಂತೆ. ಎಡಗಡೆ ಮೀಟಿದ್ದು ಬಲಗಡೆ ಕೇಳುತ್ತದೆ. ಆದ್ದರಿಂದ ಕಿವಿಯನ್ನು ಬಿಟ್ಟು ಸಂಧಿಯನ್ನೇ ಬಿಡಿಸಿ ನೋಡಬೇಕು.

ಮೊದಲನೆಯದು ಲೋಪಸಂಧಿ. ಊರು, ಅಲ್ಲಿ ಸೇರಿ 'ಊರಲ್ಲಿ' ಆಗುವಾಗ ಒಂದು ಉಕಾರ ಕಾಣೆಯಾಗುವಂತೆ, ಇಲ್ಲಿ ಬಾಲ್ ಜಾಯಿಂಟಿನ ಗುಂಡೋ ಬುಷ್ಷಿನ ರಬ್ಬರೋ ಸವೆದು ಕಾಣೆಯಾಗಿರುತ್ತದೆ. ಮೆಕ್ಯಾನಿಕ್ಕುಗಳು ಇದಕ್ಕೆ 'ಪ್ಲೇ ಬಂದಿದೆ' ಎನ್ನುತ್ತಾರೆ. ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಸ್ಟ್ಯಾಂಡಿನ ಮೇಲೆ ಕಾರು ಕೂರಿಸಿ, ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಟೈರು ಹಿಡಿದು ಅಲುಗಿಸಬೇಕು. ಅಲುಗಿತೆನ್ನಿ. ಆಗ ಹೆಂಡತಿಯನ್ನು ಕರೆದು ಸೀಟಿನಲ್ಲಿ ಕೂರಿಸುವುದು ರೂಢಿ.

"ಬ್ರೇಕ್ ಒತ್ತಿದೆಯಾ?"

"ಒತ್ತಿದ್ದೀನಿ."

"ಗಟ್ಟಿಯಾಗಿ?"

"ಕಾಲು ಮರಗಟ್ಟಿದೆ. ಒಲೆ ಮೇಲೆ ಹಾಲಿದೆ."

ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ವೀಲ್ ಬೇರಿಂಗಿನದು. ಬ್ರೇಕ್ ಪ್ಯಾಡು ಡಿಸ್ಕನ್ನು ಕಚ್ಚಿ ಹಬ್ಬನ್ನೂ ಅಪ್‌ರೈಟನ್ನೂ ಒಂದು ಮಾಡಿರುತ್ತದೆ. ನಿಲ್ಲದಿದ್ದರೆ ಬಾಲ್ ಜಾಯಿಂಟೋ ಬುಷ್ಷೋ. ಒಂಬತ್ತು ಮತ್ತು ಮೂರರ ಜಾಗದಲ್ಲಿ ಮಾತ್ರ ಅಲುಗಿದರೆ ಟೈರಾಡ್ ಎಂಡ್ ಅಥವಾ ಸ್ಟಿಯರಿಂಗ್ ರ‍್ಯಾಕ್. ಇಷ್ಟು ಸ್ಪಷ್ಟವಾದ ಪರೀಕ್ಷೆ ವ್ಯಾಕರಣಶಾಸ್ತ್ರದಲ್ಲೂ ಕಡಿಮೆ. ಹಾಲು ಉಕ್ಕುವುದರೊಳಗೆ ಮುಗಿಯುತ್ತದೆ.

ಆಗಮಸಂಧಿ ಕುತಂತ್ರಿ. ಮನೆ, ಅಲ್ಲಿ ಎಂಬೆರಡರ ನಡುವೆ ಕರೆಯದೆ ಬರುವ ಯಕಾರದಂತೆ ಇಲ್ಲಿ ವಾಷರುಗಳು ಬರುತ್ತವೆ. ಎಂಜಿನ್ನಿನ ಪುಲ್ಲಿ ತಾಗುತ್ತದೆಂದು ಸ್ಟಿಯರಿಂಗ್ ರ‍್ಯಾಕಿನ ಬುಡಕ್ಕೆ ಕರ್ತೃ ಮೂರು ವಾಷರ್ ಸೇರಿಸಿ ಮರೆತಿರುತ್ತಾನೆ. ಆರು ತಿಂಗಳ ಮೇಲೆ ಕಾರು ನೇರ ರಸ್ತೆಯಲ್ಲಿ, ಸ್ಟಿಯರಿಂಗ್ ಮುಟ್ಟದಿದ್ದರೂ, ಉಬ್ಬು ಸಿಕ್ಕಾಗಲೆಲ್ಲ ಪಕ್ಕಕ್ಕೆ ಹಾರುತ್ತದೆ. ಇದಕ್ಕೆ ಬಂಪ್ ಸ್ಟಿಯರ್ ಎಂದು ಹೆಸರು. ಚಕ್ರ ಮೇಲೇಳುವಾಗ ತೋಳುಗಳು ಒಂದು ಕಮಾನು ಬರೆಯುತ್ತವೆ, ಟೈರಾಡ್ ಇನ್ನೊಂದು ಬರೆಯುತ್ತದೆ. ಎರಡಕ್ಕೂ ಅನ್ವಯವಿಲ್ಲದಿದ್ದರೆ ಚಕ್ರ ತಾನಾಗಿ ತಿರುಗುತ್ತದೆ: 'ಅವನು ಬಂದಳು' ಎಂಬ ವಾಕ್ಯ ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ. ಸ್ಪ್ರಿಂಗ್ ಬಿಚ್ಚಿ, ಹಬ್ಬಿಗೆ ಒಂದು ನೇರ ಹಲಗೆ ಬಿಗಿದು, ಸ್ಟಿಯರಿಂಗ್ ಕಟ್ಟಿಹಾಕಿ, ಜ್ಯಾಕಿನಿಂದ ಚಕ್ರವನ್ನು 25 ಮಿಲಿಮೀಟರಿನಂತೆ ಎತ್ತುತ್ತ, ಹಲಗೆಯ ಮುಂತುದಿ ಹಿಂತುದಿಗಳು ಎಷ್ಟು ಸರಿದವೆಂದು ಬರೆದುಕೊಳ್ಳಬೇಕು. ಪುಟ ತುಂಬ ಅಂಕಿ ಬಂದ ಮೇಲೆ ವಾಷರ್ ನೆನಪಾಗುತ್ತದೆ.

ಆದೇಶಸಂಧಿಯಲ್ಲಿ ಮಳೆ, ಕಾಲ ಸೇರಿದಾಗ ಕಕಾರ ಹೋಗಿ ಗಕಾರ ಬರುತ್ತದೆ, ಯಾರಿಗೂ ನಷ್ಟವಿಲ್ಲ. ಕೊರ್ಟಿನಾ ಸುಮಾರು ಒಂದು ಟನ್ನಿನ ಕುಟುಂಬದ ಕಾರು. ಅದರ ಮುಂಗಾಲು ಇಲ್ಲಿ ಹೊರುವುದು ಅದರ ಅರ್ಧದಷ್ಟು ತೂಕವನ್ನು. ಅಂದಾಜಿನಲ್ಲಿ ತಂದ ಸ್ಪ್ರಿಂಗ್ ಗಡುಸಾಗಿ, ಕಾರು ಗುಂಡಿಯಲ್ಲಿ ಇಳಿಯದೆ ಪುಟಿಯುತ್ತದೆ. ಮೂಲೆಮೂಲೆಯ ತೂಕ ನೋಡಲು ಕರ್ತೃಗಳು ಬಚ್ಚಲುಮನೆಯ ತೂಕದ ಯಂತ್ರಗಳನ್ನೇ ನಾಲ್ಕು ಚಕ್ರಗಳ ಕೆಳಗೂ ಇಡುತ್ತಾರೆ. ಸೀಟಿನಲ್ಲಿ ಚಾಲಕನಷ್ಟೇ ತೂಕದ ಮರಳುಚೀಲ. ಕುಂಟು ಮೇಜಿನಂತೆ ಎರಡು ಎದುರುಬದುರು ಮೂಲೆಗಳ ಮೇಲೇ ಭಾರ ಕೂತಿರುವುದು ಆಗ ಗೊತ್ತಾಗುತ್ತದೆ. ಬ್ರೇಕ್ ಹಾಕಿದಾಗ ಕಾರು ಯಾಕೆ ಒಂದೇ ಕಡೆಗೆ ಎಳೆಯುತ್ತಿತ್ತೆಂಬುದಕ್ಕೆ ಇದೂ ಒಂದು ಉತ್ತರ.

ಇನ್ನು ಪ್ರಕೃತಿಭಾವ. 'ಅಬ್ಬಾ ಅದೇನು' ಎಂಬಲ್ಲಿ ಸ್ವರಗಳು ಎದುರಾದರೂ ಸೇರುವುದಿಲ್ಲ. ಬಾಲ್ ಜಾಯಿಂಟಿನ ಪಿನ್ನು ತುದಿಗೆ ಸಣ್ಣಗಾಗುತ್ತ ಹೋಗುವ ಶಂಕುವಿನಂತಿರುತ್ತದೆ. ಅಪ್‌ರೈಟಿನ ತೂತೂ ಅದೇ ಓರೆಯಲ್ಲಿರಬೇಕು. ಬೇರೆ ಕಾರಿನ ಜಾಯಿಂಟ್ ತಂದರೆ ಓರೆ ಬೇರೆಯಿರಬಹುದು. ನಟ್ಟು ಬಿಗಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪಿನ್ನಿಗೆ ಮಾರ್ಕರ್ ಮಸಿ ಬಳಿದು, ತೂತಿಗಿಟ್ಟು ತಿರುವಿ, ಹೊರಗೆ ತೆಗೆದು ನೋಡಬೇಕು. ಮಸಿ ಉದ್ದಕ್ಕೂ ಉಜ್ಜಿಹೋಗಿದ್ದರೆ ಸಂಧಿಯಾಗಿದೆ. ಒಂದು ತುದಿಯಲ್ಲಿ ಬಳೆಯಷ್ಟೇ ಅಗಲ ಉಜ್ಜಿದ್ದರೆ ಆಗಿಲ್ಲ. ಅಂಥ ಪಿನ್ನು ಒಂದು ದಿನ ತಿರುವಿನಲ್ಲಿ ಮುರಿದು ಚಕ್ರವನ್ನು ಒಳಕ್ಕೆ ಮಡಚಬಹುದು. 'ಅಬ್ಬಾ' ಎನ್ನಲೂ ಸಮಯವಿರುವುದಿಲ್ಲ. ಈ ಒಂದು ಜಾಗದಲ್ಲಿ ಪ್ರಬಂಧಕಾರರು ತಮಾಷೆ ಮಾಡುತ್ತಿಲ್ಲ.

ಕಾಲದ ವಿಚಾರ ಚಿಕ್ಕದು. ರಬ್ಬರ್ ಬುಷ್ಷಿನ ಬೋಲ್ಟನ್ನು ಚಕ್ರ ಜೋತಾಡುವಾಗ ಬಿಗಿದರೆ ಅದು ಭೂತಕಾಲದಲ್ಲಿ ಬಿಗಿದಂತೆ. ಕಾರು ಕೆಳಗಿಳಿದಾಗ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಕಾರು ತನ್ನ ಕಾಲ ಮೇಲೆ ನಿಂತಿರುವಾಗ, ವರ್ತಮಾನದಲ್ಲಿ, ಬಿಗಿಯಬೇಕು.

ಕೊನೆಗೆ ಸರ್ಕಾರಿ ಪರೀಕ್ಷೆ. ಬ್ರಿಟನ್ನಿನಲ್ಲಿ 1998ರಿಂದ ಎಸ್‌ವಿಎ, 2009ರಿಂದ ಐವಿಎ. ಅದರಲ್ಲಿ ಸ್ಟಿಯರಿಂಗ್ ತಿರುಗಿಸಿ ಕೈಬಿಟ್ಟರೆ ಚಕ್ರ ನಡುವಿನತ್ತ ತಾನಾಗಿ ಮರಳಬೇಕೆಂಬ ನಿಯಮವಿದೆ. ಮರಳಿಸುವುದು ಕ್ಯಾಸ್ಟರ್ ಕೋನ: ಸೈಕಲ್ಲಿನ ಮುಂದಿನ ಫೋರ್ಕಿನಂತೆ ಮೇಲಿನ ಸಂಧಿ ಕೆಳಗಿನದಕ್ಕಿಂತ ಹಿಂದಕ್ಕಿರಬೇಕು. ಹಗುರ ಕಾರಿಗೆ ಈ ಓರೆ ಸಾಲದೆ ಎಷ್ಟೋ ಕರ್ತೃಗಳು ಇಲ್ಲಿ ಫೇಲಾಗಿದ್ದಾರೆ. ಪರೀಕ್ಷಕ ನಿಧಾನವಾಗಿ ವೃತ್ತ ಹೊಡೆದು ಕೈ ಎತ್ತುತ್ತಾನೆ. ಸ್ಟಿಯರಿಂಗ್ ಅರ್ಧ ದಾರಿ ಬಂದು, ನಿಂತುಬಿಡುತ್ತದೆ. 'ಬಂದಿತು' ಎನ್ನಲಾಗದು. 'ಬಂದು' ಎಂಬ ಕೃದಂತಾವ್ಯಯದವರೆಗೆ ಮಾತ್ರ. ಕರ್ತೃ ಮನೆಗೆ ಹೋಗಿ ಮೇಲಿನ ತೋಳಿನ ಬೋಲ್ಟು ಬಿಚ್ಚಿ, ಬುಷ್ಷಿನ ಹಿಂದಿದ್ದ ಎರಡು ವಾಷರುಗಳನ್ನು ಮುಂದಕ್ಕೆ ಹಾಕುತ್ತಾನೆ. ಈ ಸಲ ಎಣಿಸಿ, ಎಲ್ಲಿ ಎಷ್ಟು ಹಾಕಿದೆನೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ.